ಅಲೆ ಬಾಚುವುದಿಲ್ಲ

ಊರಿನ ಕಸವೆಲ್ಲ ಬಂದು ಬೀಳುವ ಬಯಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೇಲಿಯ ಪಕ್ಕ ಎರಡು ನಾಯಿಗಳು ಮೈ ಮುರಿಯುತ್ತಿವೆ. ಪ್ಲಾಸ್ಟಿಕ್ಕಿನ ಗುಡ್ಡ, ಮುರಿದ ಕುರ್ಚಿಗಳ ಗುಡ್ಡ, ಇಟ್ಟಿಗೆ ಚೂರಿನ ಗುಡ್ಡ ದಾಟಿ ಕೊನೆಗೆ ಹೋದರೆ ಕಪ್ಪಗೆ ಕೊಳೆತ ಕಡಲಪಾಚಿಯ ರಾಶಿ. ಅದರ ಮೇಲೆ ಗೋಣಿಚೀಲ ಹಾಸಿಕೊಂಡು ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತಿದ್ದಾರೆ. ತಲೆಗೆ ಬಿಗಿಯಾಗಿ ಕಟ್ಟಿದ ಬಿಳಿ ಬಟ್ಟೆ, ಮೊಣಕೈವರೆಗೆ ರಬ್ಬರ್ ಗವಸು, ಮಡಿಲಲ್ಲಿ ಮನೆಯ ಹಿಟ್ಟಿನ ಜರಡಿ. ಒಂದು ಹಿಡಿ ಪಾಚಿ ತೆಗೆದು ಎಳೆ ಎಳೆಯಾಗಿ ಬಿಡಿಸುತ್ತಾರೆ, ಉದುರಿದ್ದನ್ನು ಜರಡಿ ಹಿಡಿಯುತ್ತಾರೆ, ಉಳಿದದ್ದನ್ನು ಬೆರಳಿನಿಂದ ಆರಿಸುತ್ತಾರೆ. ಚಿಪ್ಪಿನ ಚೂರು ಸಿಗುತ್ತದೆ, ಬಾಟಲಿ ಮುಚ್ಚಳ ಸಿಗುತ್ತದೆ, ಹಕ್ಕಿಯ ಪುಕ್ಕ ಸಿಗುತ್ತದೆ. ಬೇಕಾದದ್ದು ಸಿಗುವುದಿಲ್ಲ. ಮತ್ತೊಂದು ಹಿಡಿ ತೆಗೆಯುತ್ತಾರೆ.

“ಚೊಕ್ಕಮ್ಮಾ, ಟೀ ಆರಿ ಹೋಗ್ತಾ ಇದೆ,” ಎಂದು ಕಸದ ಟ್ರ್ಯಾಕ್ಟರಿನ ಮೇಲಿಂದ ಡ್ರೈವರ್ ಕೂಗುತ್ತಾರೆ.

ಚೊಕ್ಕಮ್ಮ ಎನ್ನುವುದು ಊರು ಕೊಟ್ಟ ಹೆಸರು. ಆಕೆ ಬಾಚಿದ ದಂಡೆ ಚೊಕ್ಕ, ಆಕೆಯ ಮನೆ ಚೊಕ್ಕ, ಮಾತೂ ಲೆಕ್ಕವೂ ಚೊಕ್ಕ ಎಂದು ಯಾರೋ ಒಮ್ಮೆ ಕರೆದದ್ದು ಹಾಗೇ ನಿಂತುಬಿಟ್ಟಿದೆ. ಕೆಲವು ತಿಂಗಳ ಹಿಂದಿನವರೆಗೂ ಆ ಹೆಸರು ಕಿವಿಗೆ ಬಿದ್ದರೆ ಮುಖ ಅರಳುತ್ತಿತ್ತು. ಈಗ ಯಾರಾದರೂ ಹಾಗೆ ಕರೆದರೆ ಕೈ ಒಂದು ಗಳಿಗೆ ನಿಲ್ಲುತ್ತದೆ, ಬೈಸಿಕೊಂಡವರ ಹಾಗೆ ತಲೆ ತಗ್ಗುತ್ತದೆ. ಕರೆದವರಿಗೆ ಅದು ಗೊತ್ತಾಗುವುದಿಲ್ಲ.

ಪತ್ರಿಕೆಯವರು ಆಕೆಯನ್ನು ಹುಡುಕಿಕೊಂಡು ಬಂದದ್ದು ಹೊಗಳಲೆಂದೇ. ಅಳಿದುಹೋಗುತ್ತಿರುವ ಕಡಲಂಚಿನ ಗಿಡವೊಂದನ್ನು ಕಾಯುವ ಪೌರಕಾರ್ಮಿಕ ಹೆಂಗಸು ಎಂದರೆ ವಾರದ ಪುರವಣಿಗೆ ಹೇಳಿ ಮಾಡಿಸಿದಂಥ ವಿಷಯ. ಎಲೆಮರೆಯ ಕಾಯಿ ಎಂದು ಶುರು ಮಾಡಿದರೆ ಅರ್ಧ ಬರೆದು ಮುಗಿದ ಹಾಗೆಯೇ. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ತಡ, ಚೊಕ್ಕಮ್ಮ ಜರಡಿಯನ್ನು ಕೆಳಗಿಡುತ್ತಾರೆ.

“ಎಲೆ ಎಲ್ಲಿದೆ? ಎಲ್ಲಾ ನಾನೇ ಕಿತ್ತು ಹಾಕಿದ್ದೀನಿ. ಇನ್ನು ಮರೆ ಎಲ್ಲಿಂದ ಬರುತ್ತೆ?”

ಡ್ರೈವರ್ ನಗಲು ಹೋಗಿ, ಆಕೆಯ ಮುಖ ನೋಡಿ, ನಗುವನ್ನು ಟೀ ಲೋಟದೊಳಗೆ ಹಾಕಿಕೊಳ್ಳುತ್ತಾರೆ.

“ಬರೀರಿ, ಬೇಡ ಅನ್ನಲ್ಲ,” ಎಂದು ಚೊಕ್ಕಮ್ಮ ಗವಸು ಕಳಚುತ್ತಾರೆ. “ಆದ್ರೆ ನಾನು ಹೇಳಿದ ಹಾಗೇ ಬರೀಬೇಕು. ಹೊಗಳಿದ್ರೆ ಅದು ಇನ್ನೊಂದು ಸುಳ್ಳಾಗುತ್ತೆ. ಮೊದಲನೇದೇ ನನಗಿನ್ನೂ ಅರಗಿಲ್ಲ.”

ಹಾಗಾಗಿ ಇದು ಆಕೆ ಹೇಳಿದ ಹಾಗೆ.

ಕಡಲ ದಂಡೆ ಗುಡಿಸುವುದು ಮನೆಯಂಗಳ ಗುಡಿಸಿದಷ್ಟು ಸುಲಭವಲ್ಲ. ಅಂಗಳ ಒಮ್ಮೆ ಗುಡಿಸಿದರೆ ಸಂಜೆಯವರೆಗಾದರೂ ಸುಮ್ಮನಿರುತ್ತದೆ. ದಂಡೆಯ ಪಕ್ಕದಲ್ಲೇ ಸಮುದ್ರವಿದೆ, ಅದಕ್ಕೆ ಬೇರೆ ಕೆಲಸವಿಲ್ಲ. ಇಲ್ಲಿನ ಕೆಲಸಗಾರರು ‘ಗುಡಿಸುವುದು’ ಎನ್ನುವುದೂ ಇಲ್ಲ, ‘ಬಾಚುವುದು’ ಎನ್ನುತ್ತಾರೆ. ಆಳುದ್ದದ ಹಿಡಿ, ಅದರ ತುದಿಗೆ ಅಡ್ಡಲಾಗಿ ಕಬ್ಬಿಣದ ಹಲ್ಲುಗಳ ಪಟ್ಟಿ. ಅದಕ್ಕೆ ಬಾಚಣಿಗೆ ಎಂದೇ ಹೆಸರು. ತಮ್ಮ ಹೆಜ್ಜೆಯ ಗುರುತೂ ಉಳಿಯಬಾರದೆಂದು ಹಿಂದೆ ಹಿಂದೆ ನಡೆಯುತ್ತ ಎಳೆಯಬೇಕು. ರಾತ್ರಿ ಅಲೆ ತಂದು ಹಾಕಿದ ಪಾಚಿ, ಹಗಲು ಜನ ಬಿಟ್ಟುಹೋದ ಕಸ ಎಲ್ಲವೂ ಹಲ್ಲಿಗೆ ಸಿಕ್ಕಿ ಬರುತ್ತದೆ. ಮರಳಿನ ಮೇಲೆ ಉದ್ದುದ್ದ ಗೆರೆಗಳು ಉಳಿಯುತ್ತವೆ. ಬೇರೆಯವರ ಗೆರೆ ಅಲ್ಲಲ್ಲಿ ಸೊಟ್ಟ. ಚೊಕ್ಕಮ್ಮನ ಗೆರೆ ಸ್ಕೇಲ್ ಇಟ್ಟು ಎಳೆದಂತಿರುತ್ತದೆ, ಕೆಲಸ ಬಲ್ಲವರು ದೂರದಿಂದಲೇ ಇದು ಯಾರ ಕೈ ಎಂದು ಹೇಳುತ್ತಾರೆ.

ಹೊತ್ತೇರಿದ ಮೇಲೆ ಬರುವವರಿಗೆ ಇದು ಗೊತ್ತಿಲ್ಲ. ಒಮ್ಮೆ ಒಬ್ಬ ತಾಯಿ ಮಗುವಿನ ಕೈ ಹಿಡಿದು, “ನೋಡು ಪುಟ್ಟಾ, ಅಲೆ ಎಷ್ಟು ಚೆನ್ನಾಗಿ ಗೆರೆ ಎಳೆದಿದೆ,” ಎಂದದ್ದನ್ನು ಚೊಕ್ಕಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಾರೆ. ಅದು ಮೊದಲ ಸಲವೂ ಅಲ್ಲ, ಕೊನೆಯ ಸಲವೂ ಅಲ್ಲ.

“ನಾನು ಬಾಯಿ ಬಿಡ್ತಿರಲಿಲ್ಲ. ಹೋಗ್ಲಿ, ಹೆಸರು ಸಮುದ್ರಕ್ಕೇ ಬರ್ಲಿ ಅಂತ ಒಳಗೊಳಗೇ ನಗ್ತಿದ್ದೆ. ಮನೆಗೆ ಹೋಗಿ ಇವರಿಗೆ ಹೇಳಿದ್ರೆ, ಸಮುದ್ರಕ್ಕೆ ಸಂಬಳ ಯಾವಾಗ ಅಂತ ಕೇಳೋರು.”

‘ಇವರು’ ಎಂದರೆ ಗಂಡ. ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದವರು. ಭುಜ ಮೇಲೇಳದ ಹಾಗಾದ ಮೇಲೆ ಮನೆಯಲ್ಲಿದ್ದು ಅಡುಗೆ ನೋಡಿಕೊಳ್ಳುತ್ತಾರೆ. ಅವರ ಎರಡು ಕೋಣೆಯ ಮನೆಯೊಳಗೆ ಕಾಲಿಡಲು ಬಂದವರು ಹಿಂದೆ ಮುಂದೆ ನೋಡುತ್ತಾರೆ. ಕಪಾಟಿನ ಹಲಗೆಯ ಮೇಲೆ ಟೀ ಕಪ್ಪುಗಳು ಬೋರಲಾಗಿ, ಎಲ್ಲದರ ಹಿಡಿಯೂ ಒಂದೇ ದಿಕ್ಕಿಗೆ. ಒರೆಸುವ ಬಟ್ಟೆಗೆ ಇಸ್ತ್ರಿ. ಹೊಸ್ತಿಲ ಮೇಲೆ ಎಂದೋ ಬಿದ್ದ ನೀಲಿ ಬಣ್ಣದ ಒಂದು ಹನಿಯನ್ನು ಚೊಕ್ಕಮ್ಮ ಇಂದಿಗೂ ವಾರಕ್ಕೊಮ್ಮೆ ಉಜ್ಜುತ್ತಾರೆ. “ನಮ್ಮನೇಲಿ ಧೂಳು ಕೂಡ ಬಾಗಿಲು ತಟ್ಟಿ ಒಳಗೆ ಬರ್ಬೇಕು,” ಎನ್ನುವುದು ಗಂಡನ ಹಳೆಯ ತಮಾಷೆ. ಆ ತಮಾಷೆಯನ್ನು ಈಚೆಗೆ ಅವರೂ ಆಡುವುದಿಲ್ಲ.

ಇಷ್ಟು ಚೊಕ್ಕವಾಗಿದ್ದ ಬದುಕಿನೊಳಗೆ ಬಂದ ಗಿಡದ ಹೆಸರು ಬೂದೆಲೆ. ಬೂದಿ ಬಳಿದಂಥ ದಪ್ಪನೆಯ ಎಲೆ, ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಬಾಯಿಗಿಟ್ಟರೆ ಉಪ್ಪುಪ್ಪು. ಅಂಗಿಯ ಗುಂಡಿಗಿಂತ ಚಿಕ್ಕ ನೀಲಿ ಹೂವು. ಅದು ಬೆಳೆಯುವುದು ಒಂದೇ ಕಡೆ: ದೊಡ್ಡ ಅಲೆ ಬಂದು ಮುಟ್ಟಿ ಹಿಂತಿರುಗುವ ಆ ಕೊನೆಯ ಪಟ್ಟಿಯಲ್ಲಿ, ಕೊಳೆತ ಪಾಚಿಯ ಮಗ್ಗುಲಲ್ಲಿ. ಹಿಂದೆ ದಂಡೆಯ ಉದ್ದಕ್ಕೂ ಇತ್ತು. ನಂತರ ಕುರ್ಚಿಗಳು ಬಂದವು, ಚಾಪೆಗಳು ಬಂದವು, ಮರಳಿನ ಮೇಲೆ ಗಾಡಿ ಓಡಿಸುವವರು ಬಂದರು. ಕಡಲ್ಕೊರೆತಕ್ಕೆಂದು ಕಲ್ಲಿನ ತಡೆಗೋಡೆ ಬಂತು. ಗೋಡೆ ಕಟ್ಟಿದ ಕಡೆ ಅಲೆ ನೇರವಾಗಿ ಕಲ್ಲಿಗೇ ಬಡಿಯುವುದರಿಂದ ಗಿಡಕ್ಕೆ ಬೇಕಾದ ಆ ಪಟ್ಟಿಯೇ ಉಳಿಯಲಿಲ್ಲ. ಕೊನೆಗೆ ಗೋಡೆ ಮುಗಿದು ಬಂಡೆ ಶುರುವಾಗುವ ಮೂಲೆಯಲ್ಲಿ, ಒಂದು ಕೋಣೆಯಷ್ಟಗಲದ ಜಾಗದಲ್ಲಿ ಮಾತ್ರ ಬೂದೆಲೆ ಉಳಿದುಕೊಂಡಿತು. ಆ ಮೂಲೆಗೂ ಗೋಡೆ ಮುಂದುವರಿಸಬೇಕೆಂಬ ಯೋಜನೆ ಸಿದ್ಧವಾಯಿತು.

ಇದನ್ನು ತಡೆಯಲು ಓಡಾಡಿದವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಒಬ್ಬರು. ದಂಡೆಯವರ ಬಾಯಲ್ಲಿ ಅವರು ಗಿಡದ ಮೇಡಂ. ಕಳೆದ ಮಳೆಗಾಲದಲ್ಲಿ ಆ ಮೂಲೆಗೆ ಗೂಟ ನೆಟ್ಟು ಹಗ್ಗ ಕಟ್ಟಿಸಿ, ದಂಡೆಯ ಕೆಲಸಗಾರರ ಮೇಸ್ತ್ರಿಯನ್ನು ಕೇಳಿ ಚೊಕ್ಕಮ್ಮನನ್ನು ಕಾವಲಿಗೆ ಹಾಕಿಸಿಕೊಂಡರು. ಕಾವಲು ಎಂದರೆ ದಂಡೆ ಬಾಚುವ ಕೆಲಸದ ಜೊತೆಗೇ ಇನ್ನೊಂದು ಕೆಲಸ. ಹೊರಡುವಾಗ ಮೇಡಂ ಹೇಳಿದ್ದು ಇಷ್ಟೇ: “ಜಾಗ ಚೆನ್ನಾಗಿ ನೋಡ್ಕೊಳ್ಳಿ ಚೊಕ್ಕಮ್ಮ.”

ಚೊಕ್ಕಮ್ಮ ನೋಡಿಕೊಂಡರು, ಕಣ್ಣಲ್ಲಿ ಕಣ್ಣಿಟ್ಟು. ಹಗ್ಗದ ಮೇಲೆ ಒದ್ದೆ ಟವೆಲ್ ಒಣಹಾಕಿದವರ ಟವೆಲ್ಲನ್ನು ಮಡಿಸಿ ಅವರ ಕೈಗೇ ಕೊಟ್ಟರು. ಹಗ್ಗ ದಾಟಿ ಹೂವಿನ ಪಕ್ಕ ಫೋಟೋಗೆ ನಿಂತ ನವದಂಪತಿಗೆ, “ನಿಮ್ಮ ಹಾಸಿಗೆ ಮೇಲೆ ನಾನು ಚಪ್ಪಲಿ ಹಾಕ್ಕೊಂಡು ನಿಂತ್ರೆ ಹೇಗಿರುತ್ತೆ?” ಎಂದು ಕೇಳಿದರು. ಅವರು ಮುಖ ಮುಖ ನೋಡಿಕೊಂಡು ಹೊರಬಂದರು. ಮೇಡಂ ಬಂದಾಗಲೆಲ್ಲ ಬಗ್ಗಿ ನೋಡಿ, “ನಿಮ್ಮಿಂದ ಉಳೀತು,” ಎನ್ನುತ್ತಿದ್ದರು. ಆ ಮಾತು ಚೊಕ್ಕಮ್ಮನ ತಲೆಗೇರಿತು ಎಂದರೆ ತಪ್ಪಲ್ಲ, ಅವರೇ ಒಪ್ಪುತ್ತಾರೆ.

ಮಳೆ ನಿಂತಿತು. ಬಿಸಿಲು ಬಲಿಯುತ್ತ ಬಂದ ಹಾಗೆ ಬೂದೆಲೆಯ ಅಂಚು ಕಂದಿತು. ಚೊಕ್ಕಮ್ಮ ತಮ್ಮ ಕುಡಿಯುವ ನೀರಿನ ಬಾಟಲಿಯನ್ನು ದಿನವೂ ಅದಕ್ಕೆ ಸುರಿಯತೊಡಗಿದರು. ಅದು ಇನ್ನಷ್ಟು ಕಂದಿತು. ಒಂದೊಂದೇ ಗಿಡ ಕಂದು ಬಣ್ಣಕ್ಕೆ ತಿರುಗಿ, ಎಲೆ ಉದುರಿ, ಬರೀ ಕಡ್ಡಿಯಾಯಿತು. ಬೂದೆಲೆ ಪ್ರತಿ ವರ್ಷ ಹೀಗೆ ಒಣಗಿ, ಕಡ್ಡಿಯ ತುದಿಯಲ್ಲಿ ಕಾಯಿ ಹಿಡಿದುಕೊಂಡು, ಮಳೆಗೆ ಕಾಯುವ ಗಿಡ. ಅದು ಮೇಡಂಗೆ ಗೊತ್ತಿತ್ತು, ದಂಡೆಯಲ್ಲೇ ಇರುವವರಿಗೆ ಹೇಳುವ ಅಗತ್ಯವಿದೆ ಎಂದು ಅವರಿಗೆ ಹೊಳೆಯಲಿಲ್ಲ. ಚೊಕ್ಕಮ್ಮನಿಗೆ ಗೊತ್ತಿರಲಿಲ್ಲ. ಮೊದಲೆಲ್ಲ ಒಣಗಿದ ಕಡ್ಡಿ ಕಂಡರೆ ಅದು ಯಾವುದೆಂದು ನೋಡುವ ಮೊದಲೇ ಬಾಚಣಿಗೆ ಅದನ್ನು ಎತ್ತಿಬಿಡುತ್ತಿತ್ತು.

“ನಾನು ನೀರು ಹಾಕಿದ್ದಕ್ಕೇ ಸತ್ತೋಯ್ತು ಅನ್ಕೊಂಡೆ,” ಎನ್ನುತ್ತಾರೆ ಅವರು. “ಮೇಡಂ ಫೋನ್ ಮಾಡಿ ಗಿಡ ಹೇಗಿದೆ ಅಂದ್ರು. ಚೆನ್ನಾಗಿದೆ ಅಂದೆ. ಅಲ್ಲಿಂದ ಶುರುವಾಯ್ತು ನೋಡಿ. ಆಮೇಲೆ ಪ್ರತಿ ಸಲವೂ ಚೆನ್ನಾಗಿದೆ, ಚೆನ್ನಾಗಿದೆ. ಮನೇಲಿ ಊಟ ಸೇರ್ತಿರಲಿಲ್ಲ.”

ಹಾಗಿರುವಾಗ ಮೇಡಂ ಖುಷಿಯಿಂದ ಫೋನ್ ಮಾಡಿದರು. ಗೋಡೆ ಕಟ್ಟಿಸುವ ಇಲಾಖೆಯ ಸಾಹೇಬರು ನಾಳೆ ಬೆಳಿಗ್ಗೆ ಖುದ್ದಾಗಿ ಬರುತ್ತಾರೆ, ಗಿಡ ನೋಡಿ, ಈ ಮೂಲೆಯನ್ನು ಬಿಡಬೇಕೋ ಬೇಡವೋ ತೀರ್ಮಾನಿಸುತ್ತಾರೆ. “ಜಾಗ ಚೆನ್ನಾಗಿಟ್ಕೊಂಡಿರಿ,” ಎಂದರು ಮೇಡಂ. ಒಣ ಕಡ್ಡಿಗಳನ್ನೇ ತೋರಿಸಿ, ಕಾಯಿ ಬಿಡಿಸಿ, ಇದು ಹೇಗೆ ಬದುಕುತ್ತದೆಂದು ವಿವರಿಸುವುದು ಅವರ ಲೆಕ್ಕಾಚಾರ. ಚೊಕ್ಕಮ್ಮನಿಗೆ ಕೇಳಿಸಿದ್ದು ಬೇರೆ: ನಾಲ್ಕು ಜನರ ಮುಂದೆ ತಾನು ಕೊಂದ ಗಿಡದ ಹೆಣಗಳು ಸಾಲಾಗಿ ಬಿದ್ದಿರುತ್ತವೆ, ಎಲ್ಲರೂ ತನ್ನ ಮುಖ ನೋಡುತ್ತಾರೆ.

ಮರುದಿನ ಬೆಳಕು ಹರಿಯುವ ಮುಂಚೆಯೇ ಅವರು ಬಾಚಣಿಗೆ ಹಿಡಿದು ಹಗ್ಗದೊಳಗೆ ಇಳಿದರು. ಒಂದು ಕಡ್ಡಿ ಬಿಡದೆ ಕಿತ್ತರು. ಸುತ್ತಲಿನ ಪಾಚಿಯನ್ನೆಲ್ಲ ಎಳೆದು ಕಡ್ಡಿಗಳ ಜೊತೆ ಟ್ರ್ಯಾಕ್ಟರಿಗೆ ತುಂಬಿಸಿದರು. ಸುಳ್ಳು ಹೇಳುವ ಉದ್ದೇಶವಿದ್ದವರು ಮರಳನ್ನು ಅಲ್ಲಲ್ಲಿ ಕೆದರಿ, ಕೆಡಿಸಿ, ಅಲೆ ಬಂದು ಹೋದ ಹಾಗೆ ಬಿಟ್ಟುಬಿಡಬೇಕು. ಆ ಕೈಗಳಿಗೆ ಅದು ಬರುವುದಿಲ್ಲ. ಕೊನೆಯಲ್ಲಿ ಅವರು ಹಿಂದೆ ಹಿಂದೆ ನಡೆಯುತ್ತ ಇಡೀ ಮೂಲೆಯನ್ನು ಬಾಚಿ, ಸಾಲಾಗಿ ನೇರ ಗೆರೆ ಎಳೆದು ಹೊರಬಂದರು. ಅಷ್ಟು ಚೊಕ್ಕವಾಗಿ ಆ ಮೂಲೆ ಹಿಂದೆಂದೂ ಇರಲಿಲ್ಲ.

ಸಾಹೇಬರು ಬಂದರು, ಜೊತೆಗೆ ಇನ್ನಿಬ್ಬರು. ಹಿಂದೆಯೇ ಮೇಡಂ. “ಎಲ್ಲಿ ನಿಮ್ಮ ಗಿಡ?” ಎಂದು ಸಾಹೇಬರು ಕೇಳಿದರು. ಎಲ್ಲರ ಕಣ್ಣೂ ಹಗ್ಗದ ಒಳಗೆ ಹೋಗಿ, ಅಲ್ಲಿಂದ ಚೊಕ್ಕಮ್ಮನ ಮೇಲೆ ಬಂದು ನಿಂತವು.

“ಮೊನ್ನೆ ದೊಡ್ಡ ಅಲೆ ಬಂತು ಸಾರ್. ಎಲ್ಲಾ ಕೊಚ್ಕೊಂಡು ಹೋಯ್ತು.”

ಗಿಡವನ್ನು ಒಯ್ದ ಆ ಅಲೆ ಗೂಟಗಳನ್ನೂ ಹಗ್ಗವನ್ನೂ ಹಾಗೇ ಬಿಟ್ಟು, ಹೋಗುವಾಗ ಮರಳನ್ನು ಬೇರೆ ಬಾಚಿಟ್ಟು ಹೋಗಿತ್ತು. ಸಾಹೇಬರು ಅದನ್ನು ಗಮನಿಸಲಿಲ್ಲ, ಅವರು ಸಮುದ್ರದ ಕಡೆ ನೋಡುತ್ತಿದ್ದರು. ಮೇಡಂ ಗಮನಿಸಿದರು. ಅವರ ಕಣ್ಣು ಒಂದು ಗೆರೆಯ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಹೋಗಿ ಬಂದದ್ದನ್ನು ಚೊಕ್ಕಮ್ಮ ನೋಡಿದರು. ಆಮೇಲೆ ಮೇಡಂ ಹಗ್ಗದ ಪಕ್ಕ ಮರಳಿನ ಮೇಲೆ ಕೂತುಬಿಟ್ಟರು.

“ಅಷ್ಟು ದೊಡ್ಡ ಅಲೆ ಇಲ್ಲಿತನಕ ಬರುತ್ತಾ?” ಎಂದರು ಸಾಹೇಬರು. “ಹಾಗಾದ್ರೆ ಇಲ್ಲಿ ಗೋಡೆ ಬೇಕೇ ಬೇಕು. ಉಳಿಸೋಕೆ ಗಿಡವೂ ಇಲ್ಲ. ಮಳೆ ಮುಗಿದ ಮೇಲೆ ಕೆಲಸ ಶುರು ಮಾಡೋಣ.”

ಆ ಮೂಲೆಗೆ ಗೋಡೆ ಬೇಕೆನ್ನಲು ಅಲ್ಲಿಯವರೆಗೆ ಯಾರ ಬಳಿಯೂ ಇಷ್ಟು ಬಲವಾದ ಕಾರಣ ಇರಲಿಲ್ಲ. ಅದನ್ನು ಚೊಕ್ಕಮ್ಮನೇ ಎತ್ತಿ ಕೈಗೆ ಕೊಟ್ಟಿದ್ದರು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಎಂದು ಅವರು ಹೇಳುವಾಗ ಅದು ಬರೀ ಮಾತಿಗೆ ಹೇಳಿದ್ದಲ್ಲವೆಂದು ಯಾರಿಗಾದರೂ ತಿಳಿಯುತ್ತದೆ. ಎದುರಿಗೆ ಕೂತವರೂ ಕಣ್ಣು ತಪ್ಪಿಸಬೇಕಾಗುತ್ತದೆ.

ಮನೆಗೆ ಬಂದು ಗಂಡನಿಗೆ ಹೇಳಿದರು. ಅವರು ಈರುಳ್ಳಿ ಹೆಚ್ಚುತ್ತಿದ್ದವರು ಚಾಕು ಕೆಳಗಿಟ್ಟರು. ಏನಾದರೂ ತಮಾಷೆ ಮಾಡುತ್ತಾರೆ, ಭಾರ ಇಳಿಯುತ್ತದೆ ಎಂದು ಚೊಕ್ಕಮ್ಮ ಕಾದರು. ಅವರು ಹೇಳಿದ್ದು, “ಇಷ್ಟು ವರ್ಷ ಒಳ್ಳೇ ಹೆಸರು ಸಮುದ್ರಕ್ಕೆ ಕೊಟ್ಟೆ. ಈಗ ಕೆಟ್ಟ ಹೆಸರೂ ಅದಕ್ಕೇ ಕೊಟ್ಯಲ್ಲೇ.” ಆ ಮಾತಿಗೆ ಇಬ್ಬರಲ್ಲಿ ಯಾರೂ ನಗಲಿಲ್ಲ.

ಮರುದಿನ ಕೆಲಸ ಮುಗಿಸಿ ಅವರು ನೇರ ಮೇಡಂ ಇರುವ ಕಾಲೇಜಿಗೆ ಹೋದರು. ಒಣಗಿದ ಎಲೆಗಳನ್ನು ಕಾಗದಕ್ಕೆ ಅಂಟಿಸಿ ಗೋಡೆಯುದ್ದಕ್ಕೂ ಜೋಡಿಸಿಟ್ಟ ಕೋಣೆ. ಬಾಗಿಲಲ್ಲೇ ನಿಂತು, “ಅಲೆ ಅಲ್ಲ ಮೇಡಂ,” ಎಂದರು.

“ಗೊತ್ತು. ಗೆರೆ ನೋಡಿದೆ. ಅದು ನಿಮ್ಮ ಕೈ.”

“ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?”

“ಅಷ್ಟು ಜನರ ಮುಂದೆ ನಿಮ್ಮನ್ನ ಸುಳ್ಳಿ ಅನ್ನೋಕೆ ಬಾಯಿ ಬರ್ಲಿಲ್ಲ. ಆಮೇಲೆ ಸಾಹೇಬ್ರಿಗೆ ಫೋನ್ ಮಾಡ್ದೆ, ಗಿಡ ಕೊಚ್ಕೊಂಡು ಹೋಗೋಂಥ ಅಲೆ ಅಲ್ಲಿಗೆ ಬರಲ್ಲ ಅಂತ. ಅಲ್ಲೇ ದಿನಾ ಕೆಲಸ ಮಾಡೋ ಹೆಂಗಸು ಕಣ್ಣಾರೆ ಕಂಡದ್ದು ಹೇಳಿದ್ದಾಳೆ, ನೀವು ರೂಮಿನಲ್ಲಿ ಕೂತು ಇಲ್ಲ ಅಂತೀರಲ್ಲ ಅಂದ್ರು.” ಮೇಡಂ ಒಂದು ಕುರ್ಚಿ ಎಳೆದುಕೊಟ್ಟು, “ಕಡ್ಡಿ ಒಣಗುತ್ತೆ ಅಂತ ನಾನೂ ಹೇಳ್ಬೇಕಿತ್ತು,” ಎಂದರು.

ಬೈದಿದ್ದರೆ ಚೆನ್ನಾಗಿತ್ತು ಎಂದು ಚೊಕ್ಕಮ್ಮ ಈಗಲೂ ಹೇಳುತ್ತಾರೆ. ಬೈಯುವ ಬದಲು ಮೇಡಂ ಕಾಗದಕ್ಕೆ ಅಂಟಿಸಿದ್ದ ಹಳೆಯ ಕಾಯಿಯೊಂದನ್ನು ಬಿಡಿಸಿ ತೋರಿಸಿದರು. ಬೆಂಡಿನಂಥ ಹಗುರ ಸಿಪ್ಪೆ, ನೀರಿನಲ್ಲಿ ತೇಲುತ್ತದೆ. ಅಲೆಯ ಜೊತೆ ಹೋಗುತ್ತದೆ, ಪಾಚಿಯ ಜೊತೆ ವಾಪಸು ಬಂದು ದಂಡೆಗೆ ಬೀಳುತ್ತದೆ, ಆ ಪಾಚಿ ಕೊಳೆತು ಅದಕ್ಕೆ ಗೊಬ್ಬರವಾಗುತ್ತದೆ. ಚೊಕ್ಕಮ್ಮ ಅದನ್ನು ಅಂಗೈ ಮೇಲಿಟ್ಟುಕೊಂಡು ನೋಡಿದರು. ಹಾಗಾದರೆ ಇಷ್ಟು ವರ್ಷ ಬೆಳಗಾದರೆ ತಾನು ಎಳೆದು ತುಂಬಿಸಿದ ಪಾಚಿಯಲ್ಲಿ ಇದೂ ಇತ್ತು. ಗೋಡೆ ಬಂದದ್ದು ಮೊನ್ನೆ ಮೊನ್ನೆ, ಬಾಚಣಿಗೆ ಬಂದು ಎಷ್ಟು ಕಾಲವಾಯಿತು.

ಇಲ್ಲಿ ಒಂದು ಮಾತು ಸೇರಿಸಲೇಬೇಕು, ಚೊಕ್ಕಮ್ಮ ಒಪ್ಪದಿದ್ದರೂ. ಬಾಚಣಿಗೆ ಅವರದಾಗಿರಬಹುದು. ದಂಡೆಯಲ್ಲಿ ಪಾಚಿ ನಾರುತ್ತದೆ ಎಂದು ಮೂಗು ಮುಚ್ಚಿಕೊಂಡು ದೂರು ಕೊಟ್ಟವರು, ಕಾಲಿಗೆ ಕಡ್ಡಿ ಚುಚ್ಚಿದರೆ ಮೇಸ್ತ್ರಿಯ ಮೇಲೆ ಹಾರಾಡಿದವರು, ಬಾಚಿದ ಮರಳಿನ ಫೋಟೋ ತೆಗೆದು ಎಲ್ಲರಿಗೂ ಕಳಿಸಿದವರು ಯಾರು? ಅವರಲ್ಲಿ ಈ ಪುರವಣಿಯನ್ನು ಬರೆಯುವವರೂ ಓದುವವರೂ ಇದ್ದಾರೆ. ನಾಚಿಕೆಯನ್ನೆಲ್ಲ ಒಬ್ಬ ಹೆಂಗಸಿನ ತಲೆಗೆ ಕಟ್ಟಿ ಆರಾಮವಾಗಿ ಟೀ ಕುಡಿಯುವುದು ನ್ಯಾಯವಲ್ಲ.

ಅಂದಿನಿಂದ ಕೆಲಸಕ್ಕೆ ಹೋಗುವ ಮೊದಲು ಚೊಕ್ಕಮ್ಮ ದಿನವೂ ಈ ರಾಶಿಯ ಮೇಲೆ ಬಂದು ಕೂರುತ್ತಾರೆ. ಗಿಡ ಕಿತ್ತ ದಿನದ ಪಾಚಿಯನ್ನು ಎಲ್ಲಿ ಸುರಿದದ್ದೆಂದು ಡ್ರೈವರ್ ತೋರಿಸಿದ್ದಾರೆ. ಅದರ ಮೇಲೆ ಬೇರೆ ದಿನದ್ದೂ ಬಿದ್ದು ಕಲಸಿಹೋಗಿದೆ. ಸಿಕ್ಕ ಕಾಯಿಗಳೆಲ್ಲ ಒಂದು ಹಿಡಿಯಾಗಬಹುದು, ಅದರಲ್ಲಿ ಗಟ್ಟಿಯಾದವು ಎಷ್ಟೋ. ಅವನ್ನು ಮೇಡಂ ಹೇಳಿದ ಹಾಗೆ ಆ ಮೂಲೆಯ ಮರಳಿನಲ್ಲಿ ಊರಿ, ಮೇಲೆ ಕೊಳೆತ ಪಾಚಿ ಹೊದಿಸಿದ್ದಾರೆ. ಅದಕ್ಕೆ ಪಾಚಿಯನ್ನು ಇಲ್ಲಿಂದಲೇ ಟ್ರ್ಯಾಕ್ಟರಿನಲ್ಲಿ ವಾಪಸು ಒಯ್ಯಬೇಕಾಯಿತು.

“ಖಾಲಿ ಗಾಡಿ ದಂಡೆಗೆ ಹೋಗಿ ತುಂಬಿದ ಗಾಡಿ ಇಲ್ಲಿಗೆ ಬರೋದು ನನ್ನ ಕೆಲಸ,” ಎನ್ನುತ್ತಾರೆ ಡ್ರೈವರ್. “ಮೊದಲ ಸಲ ತುಂಬಿದ ಗಾಡಿ ದಂಡೆಗೆ ಹೋಯ್ತು. ದಾರೀಲಿ ಸಿಕ್ಕಿದೋರೆಲ್ಲ, ದಾರಿ ತಪ್ಪಿದ್ಯೇನಪ್ಪಾ ಅಂತ ಕೇಳೋರೇ.”

ನಾತ ಮೇಸ್ತ್ರಿಯವರೆಗೂ ಹೋಯಿತು. ಚೊಕ್ಕಮ್ಮನ ಕೆಲಸದ ಬಗ್ಗೆ ಎಂದೂ ಬಾರದ ದೂರು ಈಗ ಬಂದಿದೆ. ಮೇಸ್ತ್ರಿ ಕೆಟ್ಟವರಲ್ಲ, ಕರೆದು ಕೂರಿಸಿಯೇ ಮಾತಾಡಿದರು. “ನೋಡಮ್ಮ, ಪಾಚಿ ಹಾಕಿ, ನಾನು ಹೇಗೋ ಸಂಭಾಳಿಸ್ತೀನಿ. ಆದ್ರೆ ಸಾಹೇಬ್ರ ಹತ್ರ ಹೋಗಿ ನಾನೇ ಕಿತ್ತೆ ಅನ್ನೋದೆಲ್ಲ ಬೇಡ. ಕಾವಲಿಗೆ ಹಾಕಿದ್ದು ನಾನು. ರಿಟೈರ್ ಆಗೋ ಹೊತ್ತಲ್ಲಿ ಕೆಲಸಕ್ಕೆ ಕುತ್ತು ತಂದ್ಕೋಬೇಡಿ. ಅಲೆ ಅಂತ ಆಯ್ತಲ್ಲ, ಬಿಟ್ಬಿಡಿ. ಅಲೆ ಏನು ಬಂದು ನಾನಲ್ಲ ಅನ್ನುತ್ತಾ?”

ಅಲೆ ಬಂದು ಅನ್ನುವುದಿಲ್ಲ, ನಿಜ. ಅದಕ್ಕೇ ಚೊಕ್ಕಮ್ಮ ತಾವೇ ಹೋದರು. ಇಲಾಖೆಯ ಕಚೇರಿಯ ಉದ್ದನೆಯ ಪಡಸಾಲೆಯ ಬೆಂಚಿನಲ್ಲಿ ಕೂತು ಎರಡು ಸಲ ಎದ್ದು ಬಂದರು. ಮೂರನೆಯ ಸಲ ಒಳಗೆ ಕರೆದರು. ಸಾಹೇಬರು ತಲೆ ಎತ್ತಿ, “ಏನಮ್ಮಾ?” ಎಂದರು. ಮೇಜಿನ ಗಾಜಿನ ಮೇಲೆ ಲೋಟದ ಕಲೆಯೊಂದು ಕಾಣಿಸಿತು. “ಮೇಜು ಒರೆಸೋಕೆ ಬಂದೆ ಸಾರ್,” ಎಂದುಬಿಟ್ಟರು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮೇಜು ಒರೆಸಿದರು. ಕಿಟಕಿಯನ್ನೂ ಒರೆಸಿದರು. ಸಾಹೇಬರು ಚೆನ್ನಾಗಿ ಮಾಡುತ್ತೀರಿ ಎಂದರು. ನಮಸ್ಕಾರ ಹೇಳಿ ಹೊರಬಂದರು.

“ಮೇಜು ಚೊಕ್ಕ ಮಾಡಿ ಬಂದೆ,” ಎನ್ನುವಾಗ ಅವರ ದನಿ ಕುಸಿಯುತ್ತದೆ. “ಬೇರೇನೂ ಬರಲ್ಲ ನನಗೆ.”

ಸೂರ್ಯ ಮೇಲೆ ಬಂದಿದ್ದಾನೆ. ಜರಡಿಯನ್ನು ಚೀಲಕ್ಕೆ ಹಾಕಿಕೊಂಡು ಅವರು ಟ್ರ್ಯಾಕ್ಟರ್ ಹತ್ತುತ್ತಾರೆ. ದಂಡೆಯಲ್ಲಿ ಬಾಚಣಿಗೆ ಕೈಗೆ ಬಂದ ಕೂಡಲೇ ಬೆನ್ನು ನೆಟ್ಟಗಾಗುತ್ತದೆ, ಗೆರೆಗಳು ಒಂದರ ಪಕ್ಕ ಒಂದು ಬೀಳುತ್ತ ಹೋಗುತ್ತವೆ. ಗೋಡೆಯ ಕೊನೆ ಹತ್ತಿರ ಬಂದಾಗ ಬಾಚಣಿಗೆಯನ್ನು ನೆಲದಿಂದ ಎತ್ತಿ ಹೆಗಲ ಮೇಲಿಟ್ಟುಕೊಳ್ಳುತ್ತಾರೆ. ಹಗ್ಗದ ಒಳಗೆ ಪಾಚಿ ಕಪ್ಪಗೆ ಬಿದ್ದಿದೆ, ನೊಣ ಹಾರುತ್ತಿವೆ. ಮೊದಲ ಮಳೆ ಬಿದ್ದು ಕೆಲವು ದಿನಗಳಾಗಿವೆ. ಊರಿದ ಕಾಯಿಗಳಲ್ಲಿ ಒಂದೂ ಇನ್ನೂ ತಲೆ ಎತ್ತಿಲ್ಲ.

ತಡೆಗೋಡೆಯ ಕಟ್ಟಕಡೆಯ ಕಲ್ಲಿನ ಬುಡದಲ್ಲಿ ಒಂದು ಸಂದಿಯಿದೆ. ಬಾಚಣಿಗೆಯ ಹಲ್ಲು ಅಲ್ಲಿಗೆ ಹೋಗುವುದಿಲ್ಲ. ಒಳಗೆ ಸಿಕ್ಕಿಕೊಳ್ಳುವ ಕಸ ಕಂಡು ಚೊಕ್ಕಮ್ಮ ಗೋಡೆ ಬಂದಾಗಿನಿಂದ ಗೊಣಗಿದ್ದಾರೆ, ಸಿಮೆಂಟ್ ತುಂಬಿಸಿ ಎಂದು ಮೇಸ್ತ್ರಿಯ ಬೆನ್ನು ಬಿದ್ದಿದ್ದಾರೆ. ಆ ಸಂದಿಯೊಳಗೆ ಈಗ ಬೂದಿ ಬಣ್ಣದ ನಾಲ್ಕು ಎಲೆಗಳಿವೆ. ಮೇಡಂ ಮೊನ್ನೆ ಬಂದು ನೋಡಿ ಹೋಗಿದ್ದಾರೆ. ಒಂದೇ ಒಂದು ಗಿಡ ಜೀವಂತವಾಗಿದ್ದರೂ ಸಾಹೇಬರನ್ನು ಮತ್ತೆ ಕರೆದು ತೋರಿಸಬಹುದು, ಆದರೆ ಗಿಡ ಕೊಚ್ಚಿ ಒಯ್ಯುವ ಅಲೆ ಇಲ್ಲಿಗೆ ಬರುತ್ತದೆ ಎಂಬ ಮಾತು ಉಳಿದಿರುವವರೆಗೆ ಗೋಡೆಯೂ ಉಳಿದಿರುತ್ತದೆ ಎಂದಿದ್ದಾರೆ. ಆ ಮಾತು ಆಡಿದವರೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು.

ಫೋಟೋ ತೆಗೆಯುವವರು ಗಿಡದ ಪಕ್ಕ ಕೂರಲು ಹೇಳುತ್ತಾರೆ. ಅಂಗೈಯನ್ನು ಹೀಗೆ ಬೊಗಸೆ ಮಾಡಿ ಎಲೆಗಳ ಸುತ್ತ ಹಿಡಿದರೆ ಚೆನ್ನಾಗಿ ಬರುತ್ತದೆ, ನೀವೇ ಬೆಳೆಸಿದ್ದಲ್ಲವೇ ಎನ್ನುತ್ತಾರೆ.

“ಬೆಳೆಸಿದ್ದಲ್ಲ,” ಎನ್ನುತ್ತಾರೆ ಚೊಕ್ಕಮ್ಮ. ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ. “ನನ್ನ ಬಾಚಣಿಗೆಯಿಂದ ತಪ್ಪಿಸ್ಕೊಂಡು ಉಳಿದಿದ್ದು.”

ಕೊನೆಗೆ ಅವರು ಬಾಚಣಿಗೆ ಹಿಡಿದು, ಬಾಚಿದ ಮರಳಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಒಪ್ಪುತ್ತಾರೆ. ಗೆರೆಗಳು ಸ್ಪಷ್ಟವಾಗಿ ಕಾಣಬೇಕೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ. ಪೇಪರ್ ಯಾವ ದಿನ ಬರುತ್ತದೆಂದು ಕೇಳಿ ತಿಳಿದುಕೊಳ್ಳುತ್ತಾರೆ. ಅಂದು ಅದನ್ನು ಹಿಡಿದುಕೊಂಡೇ ಕಚೇರಿಗೆ ಹೋಗುತ್ತಾರಂತೆ. ಮೇಸ್ತ್ರಿಗೆ ನಿನ್ನೆಯೇ ಹೇಳಿದ್ದಾರೆ, ಕೆಲಸ ಹೋದರೆ ಹೋಗಲಿ, ನಿಮಗೆ ಗೊತ್ತಿರಲಿಲ್ಲ ಎನ್ನುತ್ತೇನೆ, ಅದು ನಿಜವೂ ಹೌದು ಎಂದು.

“ಬಾಯಿ ಬರದಿದ್ರೆ ಪೇಪರನ್ನೇ ಅವರ ಮುಂದೆ ಇಡ್ತೀನಿ. ಈ ಸಲ ಮೇಜು ಒರೆಸಲ್ಲ,” ಎನ್ನುತ್ತಾರೆ. “ನಿಮ್ಮಲ್ಲಿ ಒಂದೇ ಕೇಳ್ಕೊಳ್ಳೋದು. ಸಾಹೇಬ್ರಿಗೆ ಕನ್ನಡಕ ಇದೆ, ಮಿಕ್ಕಿದ್ದು ಹೇಗಾದ್ರೂ ಹಾಕಿ, ಇದೊಂದು ಮಾತು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿ. ಅಲೆ ಬಾಚೋದಿಲ್ಲ ಸಾರ್. ಇಲ್ಲಿ ಬಾಚೋದು ನಾನು.”